ಹಾಜರಿಯಲ್ಲಿ ಒಂದು ಹೆಸರು ಕಡಿಮೆಯಾದಾಗ

ಹಾಜರಿ ಕರೀತೀರಿ. ಒಂದು ಹೆಸರಿಗೆ ಉತ್ತರ ಇಲ್ಲ: ಆ ಮಗು ಇನ್ನಿಲ್ಲ. ಇಡೀ ತರಗತಿ ನಿಮ್ಮ ಮುಖ ನೋಡುತ್ತೆ. ಟೀಚರ್, ಆಗ ಏನು ಹೇಳ್ತೀರಿ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಚೂರಲ್‌ಮಲ, ಮುಂಡಕ್ಕೈನಲ್ಲಿ ಭೂಕುಸಿತವಾಯ್ತು. ವೆಳ್ಳಾರ್‌ಮಲ ಶಾಲೆ ತನ್ನ ಎಷ್ಟೋ ಮಕ್ಕಳನ್ನು ಕಳೆದುಕೊಂಡಿತು. ಉಳಿದವರಿಗೆ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಮತ್ತೆ ತರಗತಿ ಶುರುವಾಯ್ತು. ನೊಂದ ಮಕ್ಕಳಿಗೆ ದಿನಚರಿಯೇ ದೊಡ್ಡ ಆಸರೆ: ಅದೇ ಗೆಳೆಯರು, ಅದೇ ಟೀಚರು, ಅದೇ ಬೆಲ್ಲು.

ಇಂಥ ಹೊತ್ತಲ್ಲಿ ನೀವು ಮಾಡಬಹುದಾದ್ದು ನಾಲ್ಕು. ಒಂದು, ನಿಜ ಹೇಳಿ. "ಮಲಗಿದ್ದಾನೆ", "ದೂರ ಹೋಗಿದ್ದಾನೆ" ಅನ್ನಬೇಡಿ. ಪುಟ್ಟ ಮಕ್ಕಳು ನಿದ್ದೆಗೇ ಹೆದರಬಹುದು, ಇಲ್ಲಾ ಅವನು ಬರ್ತಾನೆ ಅಂತ ಕಾಯಬಹುದು. "ತೀರಿಹೋದ, ಇನ್ನು ಬರಲ್ಲ, ನನಗೂ ದುಃಖ ಆಗಿದೆ" ಅನ್ನಿ. "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಅಂತಲೂ ಹೇಳಿ.

ಎರಡು, ದುಃಖ ಅಂದ್ರೆ ಅಳು ಮಾತ್ರ ಅಲ್ಲ. ಒಬ್ಬಳು ಸಿಡುಕ್ತಾಳೆ, ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬ ಆಟ ಆಡ್ತಾ ನಗ್ತಾನೆ. ನಕ್ಕಿದ್ದಕ್ಕೆ ಬೈಯಬೇಡಿ.

ಮೂರು, ಮಾತಾಡು ಅಂತ ಬಲವಂತ ಬೇಡ. ಚಿತ್ರ ಬರೆಯಲಿ, ಗೆಳೆಯನಿಗೆ ಪತ್ರ ಬರೆಯಲಿ, ಸುಮ್ಮನೆ ಕೂರಲಿ. "ಏನೇನು ನೋಡಿದೆ?" ಅಂತ ಕೆದಕಬೇಡಿ.

ನಾಲ್ಕು, ವಾರಗಳು ಕಳೆದರೂ ನಿದ್ದೆ, ಊಟ, ಆಟ ಸರಿಹೋಗದಿದ್ರೆ ಮನೆಯವರ ಜೊತೆ ಮಾತಾಡಿ. ಸಾಯೋ ಮಾತು ಬಂದ್ರಂತೂ ಒಂದು ದಿನವೂ ಕಾಯಬೇಡಿ. ಮಾನಸಿಕ ಆರೋಗ್ಯಕ್ಕಿರೋ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ: ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಸಿಗುತ್ತೆ.

ಈ ನಂಬರನ್ನು ಇವತ್ತೇ ನಿಮ್ಮ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ.