ಬಿಚ್ಚಿ ಕಟ್ಟಬಹುದಾದ ಮೇಜು

ತೀರ್ಥಹಳ್ಳಿಯ ಅಜ್ಜನ ಮನೆಯಲ್ಲಿದ್ದ ತೇಗದ ಮೇಜನ್ನು ಕಳೆದ ಮಳೆಗಾಲದಲ್ಲಿ ಬೆಂಗಳೂರಿಗೆ ತಂದೆವು, ಮಗಳ ಓದಿಗೆಂದು. ಹಲಗೆಯ ಮೇಲೆ ಬಿಸಿ ಕಾಫಿ ಲೋಟ ಉಳಿಸಿದ ಬಿಳಿ ಬಳೆ, ಅಲ್ಲಾಡುವ ಒಂದು ಕಾಲು, ಎಳೆದರೂ ಬಾರದ ಖಾನೆ. ನೋಡಿದವರೆಲ್ಲ ಹೇಳಿದ್ದು ಒಂದೇ: ಪೂರಾ ಉಜ್ಜಿಸಿ ಹೊಸ ಪಾಲಿಶ್ ಹೊಡೆಸಿಬಿಡಿ. ನನಗೆ ಮನಸ್ಸಾಗಲಿಲ್ಲ. ಹಳೆಯ ಆಚಾರಿಗಳು ಬಳಸಿದ ಹೊಳಪೂ ಅಂಟೂ ಮತ್ತೆ ಕರಗುವಂಥವು. ಕೆಟ್ಟಿದ್ದನ್ನಷ್ಟೇ ಬಿಚ್ಚಿ, ಉಳಿದದ್ದನ್ನು ಮುಟ್ಟದೆ ಸರಿಪಡಿಸುವ ದಾರಿ ಆ ಮೇಜಿನಲ್ಲೇ ಇತ್ತು.

ಆ ಕಾಲದ ಸ್ಪಿರಿಟ್ ಪಾಲಿಶ್ ಎಂದರೆ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಎಳೆ ಕೊಂಬೆಗೆ ಅಂಟಿಕೊಂಡು ರಸ ಹೀರುವ ಪುಟ್ಟ ಕೀಟಗಳು ತಮ್ಮ ಮೈಸುತ್ತ ಸುರಿಸಿಕೊಳ್ಳುವ ರಾಳ ಅದು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಇದರದ್ದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಗೆ ಅದು ಕರಗಿ ಹರಡುತ್ತದೆ. ಮೇಜಿಗಾದರೆ ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಪದರ ಪದರವಾಗಿ ಸವರುತ್ತಾರೆ. ಸ್ಪಿರಿಟ್ ಆರಿಹೋಗುತ್ತದೆ, ಅರಗು ಉಳಿಯುತ್ತದೆ. ಒಣಗುವಾಗ ಹೊಸ ರಾಸಾಯನಿಕ ಬಂಧಗಳ ಬಲೆ ಹೆಣೆದುಕೊಳ್ಳದ ಕಾರಣ ಮತ್ತೆ ಸ್ಪಿರಿಟ್ ತಾಗಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇಂದಿನ ಪಾಲಿಯುರೆಥೇನ್ ಹಾಗಲ್ಲ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಕೆಟ್ಟರೆ ಕೆರೆದೇ ತೆಗೆಯಬೇಕು.

ಪರೀಕ್ಷೆ ಸುಲಭ. ಮೇಜಿನ ಕಾಣದ ಮೂಲೆಗೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರೆಗಳಿಗೆ ಇಟ್ಟು ನೋಡಿ. ಅಂಟಂಟಾದರೆ ಅರಗೆಂದೇ ಊಹಿಸಬಹುದು.

ಹಾಗಾದರೆ ಬಿಳಿ ಬಳೆ? ಬಿಸಿ ಲೋಟದಡಿಯ ತೇವ ಅರಗಿನ ಪೊರೆಯೊಳಗೆ ನುಗ್ಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳನ್ನು ಮಾಡುತ್ತದೆ. ಬೆಳಕು ಅವಕ್ಕೆ ಬಡಿದು ಎಲ್ಲೆಡೆ ಚದರುವುದರಿಂದ ಬಿಳುಪು ಕಾಣುತ್ತದೆ. ಬಣ್ಣವೇ ಇಲ್ಲದ ನೀರು ನೊರೆಯಾದಾಗ ಬೆಳ್ಳಗಾಗುವುದೂ ಹೀಗೆಯೇ. ಅಂದರೆ ಕಲೆ ಮರದಲ್ಲಿಲ್ಲ, ಪೊರೆಯಲ್ಲಿದೆ. ಹಿಂಡಿ ಬಹುತೇಕ ಒಣಗಿಸಿದ ಸ್ಪಿರಿಟ್ ಬಟ್ಟೆಯನ್ನು ಹಕ್ಕಿಯ ಗರಿ ತಾಗಿದಂತೆ ನಾಲ್ಕಾರು ಸಲ ಆಡಿಸಿದೆ. ಪೊರೆ ಮೆತ್ತಗಾಗಿ ಪೊಳ್ಳುಗಳು ಮುಚ್ಚಿಕೊಂಡವು, ಬಳೆ ಮಾಯವಾಯಿತು. ಕೈ ಭಾರವಾದರೆ ಪಾಲಿಶೇ ಎದ್ದುಬರುತ್ತದೆ. ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತಿಕೊಳ್ಳುವುದರಿಂದ ಹತ್ತಿರ ದೀಪ, ಒಲೆ ಇರಲೇಬಾರದು.

ಅಲ್ಲಾಡುವ ಕಾಲಿನ ಕಥೆಯೂ ಇಂಥದ್ದೇ. ಹಳೆಯ ಸರೇಸು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಬಿಸಿ ಮತ್ತು ತೇವ ಎರಡೂ ಸಿಕ್ಕರೆ ಅದು ಸಡಿಲವಾಗುತ್ತದೆ. ನಮ್ಮ ಬೀದಿಯ ಹಿರಿಯ ಬಡಗಿ ಬಿಸಿನೀರಿನ ಬಟ್ಟೆ ಸುತ್ತಿ ಕಾಯ್ದರು. ಮರಕ್ಕೆ ಒಂದು ಗೀರೂ ಆಗದಂತೆ ಕಾಲು ಕೈಗೆ ಬಂತು. “ಇದೇ ಜಾಗಕ್ಕೆ ಯಾರಾದ್ರೂ ಬಿಳಿ ಅಂಟು ಸುರಿದಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ ಸ್ವಾಮಿ,” ಎಂದರು ಅವರು. ಹಳೆಯ ಸರೇಸಿನ ಮೇಲೆ ಹೊಸ ಬಿಸಿ ಸರೇಸು ಬೆರೆತು ಹಿಡಿಯುತ್ತದೆ. ಒಣಗಿದ ಬಿಳಿ ಅಂಟಿನ ಮೇಲೆ ಹೆಚ್ಚಿನ ಅಂಟುಗಳು ಸರಿಯಾಗಿ ಕೂರುವುದಿಲ್ಲ.

ಕಾಲಿನ ಒಳಮೈಯಲ್ಲಿ ಸಣ್ಣ ತೂತುಗಳಿದ್ದವು. ಕುಟ್ಟೆ ಹಿಡಿದಿದೆಯೆಂದು ಮನೆಯವರಿಗೆ ಗಾಬರಿ. ಆದರೆ ತೂತು ಎಂದರೆ ಬೆಳೆದ ಹುಳು ಹೊರಗೆ ಹಾರಿಹೋದ ಬಾಗಿಲು. ಅಡಿಯಲ್ಲಿ ಕಾಗದ ಹಾಸಿಟ್ಟು, ವಾರಗಳಾದರೂ ಹೊಸ ಹಿಟ್ಟು ಉದುರದಿದ್ದಾಗ ನಿರಾಳವಾಯಿತು. ತೂತುಗಳಿದ್ದದ್ದು ಹೊರಪದರದ ಬಿಳಿಮರದ ಅಂಚಿನಲ್ಲಿ ಮಾತ್ರ. ಹುಳುಗಳಿಗೆ ಬೇಕಾದ ಪಿಷ್ಟ ಅಲ್ಲಿರುತ್ತದೆ. ತೇಗದ ಒಳತಿರುಳಾದ ಚೇಗಿನಲ್ಲಿರುವ ರಾಸಾಯನಿಕಗಳು ಗೆದ್ದಲಿಗೂ ಒಗ್ಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ನಿಮ್ಮ ಹಳೆಯ ಕಪಾಟಿಗೆ ಬಣ್ಣ ಬಳಿದಿದ್ದರೆ ಒಣ ಉಪ್ಪುಕಾಗದ ಹಿಡಿಯಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ದೂಳು ಮಕ್ಕಳ ಮಿದುಳಿಗೆ ವಿಷವಾಗಬಹುದು.

ಉಳಿದದ್ದು ಖಾನೆ. ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಹೆಚ್ಚು. ಬಹುತೇಕ ಮರಗಳಿಗೆ ಹೋಲಿಸಿದರೆ ತೇಗ ತೀರ ಸಂಯಮದ್ದು. ಆದರೂ 40 ಸೆಂಟಿಮೀಟರ್ ಅಗಲದ ಹಲಗೆಯ ತೇವಾಂಶ ಶೇಕಡ 12ರಿಂದ 18ಕ್ಕೆ ಏರಿದರೆ, ಕೊಯ್ದ ರೀತಿಗೆ ತಕ್ಕಂತೆ ಎರಡರಿಂದ ನಾಲ್ಕು ಮಿಲಿಮೀಟರ್ ಅಗಲವಾಗಬಹುದು. ಇದನ್ನು ಬಲ್ಲ ಆಚಾರಿ ಮೇಲಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿಯೇ ಇರಲಿಲ್ಲ. ಕೆಳಗಿನಿಂದ ಸಣ್ಣ ಮರದ ತುಂಡುಗಳು ಚೌಕಟ್ಟಿನ ತೋಡಿನಲ್ಲಿ ಕಚ್ಚಿ ಅದನ್ನು ಹಿಡಿದಿದ್ದವು, ಸರಿದಾಡಲು ಜಾಗ ಬಿಟ್ಟು. ಹಾಗಾಗಿಯೇ ಮಲೆನಾಡಿನ ತಂಪಿನಿಂದ ಬೆಂಗಳೂರಿನ ಒಣಗಾಳಿಗೆ ಬಂದರೂ ಹಲಗೆ ಸೀಳಲಿಲ್ಲ.

ಬಿಗಿಯಾದ ಖಾನೆಯ ಅಂಚಿಗೆ ಕೀಸುಳಿ ಹಾಕೋಣವೆಂದು ನಾನು ಅವಸರ ಮಾಡಿದ್ದೆ. ಬಡಗಿ ತಡೆದು, ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿ, ಸಂಕ್ರಾಂತಿವರೆಗೆ ತಡೆಯಿರಿ ಎಂದರು. ಜನವರಿಯ ಕೊನೆಯ ವಾರ ಮಗಳು ಒಂದೇ ಬೆರಳಲ್ಲಿ ಖಾನೆ ಎಳೆದಳು. ಒಳಗೆ ಅಜ್ಜನ ಮಸಿಯ ನೀಲಿ ಕಲೆ ಇನ್ನೂ ಇತ್ತು.