ಹಚ್ಚೆ ಹಾಕಿಸುವ ಮುನ್ನ ಸೂಜಿಯತ್ತ ನೋಡಿ

ಸಾಗರ: ಮಲೆನಾಡಿನ ಹಳೆಯ ಮನೆಗಳಲ್ಲಿ ಅಜ್ಜಿಯರ ಮುಂಗೈ ಮೇಲೆ ಹಸಿರುಗಟ್ಟಿದ ಹಚ್ಚೆಯ ಗುರುತುಗಳನ್ನು ಇಂದಿಗೂ ಕಾಣಬಹುದು. ಊರೂರು ಸುತ್ತುತ್ತಿದ್ದ ಕೊರವಂಜಿಯರು ನಾಲ್ಕಾರು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಮಸಿಗೆ ಸೊಪ್ಪಿನ ರಸ ಬೆರೆಸಿ ಚುಚ್ಚುತ್ತಿದ್ದ ಚಿತ್ತಾರಗಳವು. ಸತ್ತಾಗ ಒಡವೆ ವಸ್ತ್ರಗಳೆಲ್ಲ ಇಲ್ಲೇ ಉಳಿಯುತ್ತವೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬುದು ಹಿರಿಯರ ನಂಬಿಕೆಯಾಗಿತ್ತು.

ಆ ಹಚ್ಚೆಯೇ ಈಗ ‘ಟ್ಯಾಟೂ’ ಎಂಬ ಹೆಸರು ಹೊತ್ತು ಮರಳಿದೆ. ನಗರದ ಸ್ಟುಡಿಯೋಗಳಲ್ಲಿ ಮಾತ್ರವಲ್ಲ, ಜಾತ್ರೆಯ ಬೀದಿಬದಿಯಲ್ಲೂ ಯಂತ್ರದ ಸದ್ದು ಕೇಳಿಸುತ್ತದೆ. ಮೂರು ವರ್ಷಗಳಿಗೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಗಾಗಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗಾಗಲಿ ಊರಿಗೆ ಮರಳುವ ಯುವಜನರು ಹಚ್ಚೆಗೆ ಕೈಯೊಡ್ಡುವ ಮುನ್ನ ಕೆಲವು ಸಂಗತಿಗಳನ್ನು ಅರಿತಿರುವುದು ಅಗತ್ಯ.

ಚರ್ಮದೊಳಗೆ ನಡೆಯುವುದೇನು?

ಚರ್ಮದ ಮೇಲ್ಪದರ ನಿತ್ಯ ಉದುರಿ ಹೊಸದಾಗುತ್ತಿರುತ್ತದೆ. ಆದ್ದರಿಂದ ಯಂತ್ರದ ಸೂಜಿ ಶಾಯಿಯನ್ನು ಅದರ ಕೆಳಗಿನ ಒಳಪದರಕ್ಕೆ, ಅಂದರೆ ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಇಳಿಸುತ್ತದೆ. ಅಲ್ಲಿನ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಹಚ್ಚೆ ಶಾಶ್ವತವಾಗುವುದು ಹೀಗೆ. ಆ ಪದರದಲ್ಲಿ ರಕ್ತನಾಳಗಳಿವೆ. ಹಾಗಾಗಿ ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ಸೋಂಕು ಹರಡಲು ದಾರಿಯಾಗುತ್ತದೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲೂ ಏಳು ದಿನಗಳವರೆಗೆ ಬದುಕಿರಬಲ್ಲದು. ಸೂಜಿಯನ್ನು ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ.

ಒಳ್ಳೆಯ ಸ್ಟುಡಿಯೋದ ಲಕ್ಷಣ

ಜವಾಬ್ದಾರಿಯುತ ಕಲಾವಿದ ಮೊದಲು ವಯಸ್ಸಿನ ದಾಖಲೆ ಕೇಳುತ್ತಾನೆ. ಹದಿನೆಂಟು ತುಂಬದವರನ್ನು ವಾಪಸು ಕಳಿಸುತ್ತಾನೆ. ಮಧುಮೇಹ, ಅಲರ್ಜಿ, ಗರ್ಭಧಾರಣೆ, ರಕ್ತ ತೆಳುವಾಗಿಸುವ ಮಾತ್ರೆಗಳ ಸೇವನೆ, ಗಾಯದ ಕಲೆ ಉಬ್ಬಿ ಬೆಳೆಯುವ ಪ್ರವೃತ್ತಿ ಇವುಗಳ ಬಗ್ಗೆ ವಿಚಾರಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾನೆ. ಮದ್ಯ ಸೇವಿಸಿ ಬಂದವರಿಗೆ ಹಚ್ಚೆ ಹಾಕುವುದಿಲ್ಲ.

ಆ ಬಳಿಕ ಗ್ರಾಹಕರು ಗಮನಿಸಬೇಕಾದದ್ದು ಇಷ್ಟು. ಮೊಹರು ಮಾಡಿದ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು. ಕೈಗವಸು ಹೊಸದಾಗಿರಬೇಕು, ನಡುವೆ ಮೊಬೈಲ್ ಮುಟ್ಟಿದರೆ ಅದನ್ನು ಬದಲಿಸಬೇಕು. ಶಾಯಿಯನ್ನು ದೊಡ್ಡ ಬಾಟಲಿಯಿಂದ ಪುಟ್ಟ ಬಟ್ಟಲಿಗೆ ಸುರಿದು, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಬಟ್ಟಲು ಸಮೇತ ಎಸೆಯಬೇಕು. ಮತ್ತೆ ಬಳಸುವ ಲೋಹದ ಹಿಡಿಕೆಗಳಿದ್ದಲ್ಲಿ ಅವುಗಳನ್ನು ಆಟೋಕ್ಲೇವ್‌ನಲ್ಲಿ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಿ ಶುದ್ಧಗೊಳಿಸಿರಬೇಕು. ಈ ಬಗ್ಗೆ ಪ್ರಶ್ನಿಸಲು ಸಂಕೋಚ ಬೇಡ. ಪ್ರಶ್ನೆಗೆ ಸಿಡಿಮಿಡಿಗೊಳ್ಳುವವರ ಬಳಿ ಹಚ್ಚೆ ಹಾಕಿಸಿಕೊಳ್ಳದಿರುವುದೇ ಲೇಸು.

ಶಾಯಿಯ ಸಂಗತಿ

ಸೂಜಿ ಹೊಸದಾದರೂ ಶಾಯಿಯ ಪ್ರಶ್ನೆ ಉಳಿಯುತ್ತದೆ. ಹಚ್ಚೆಯ ಶಾಯಿಯ ಮಾದರಿಗಳಲ್ಲಿ 22 ಬಗೆಯ ಭಾರಲೋಹಗಳು ಪತ್ತೆಯಾಗಿವೆ ಎಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ತಿಳಿಸಿದ್ದರು. ಶಾಯಿಯ ಗುಣಮಟ್ಟ ನಿಗದಿಪಡಿಸುವಂತೆ ಕೇಂದ್ರ ಸರ್ಕಾರಕ್ಕೆ ಪತ್ರ ಬರೆಯುವುದಾಗಿಯೂ ಹೇಳಿದ್ದರು. ಐರೋಪ್ಯ ಒಕ್ಕೂಟವು 2022ರ ಜನವರಿಯಿಂದಲೇ ಹಚ್ಚೆಯ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳ ಬಳಕೆಗೆ ಮಿತಿ ಹೇರಿದೆ. ಆದ್ದರಿಂದ ತಯಾರಕರ ಹೆಸರು, ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಶಾಯಿಯನ್ನು ನಿರಾಕರಿಸುವುದು ಕ್ಷೇಮ. ಕ್ಷಣಾರ್ಧದಲ್ಲಿ ಕಪ್ಪಾಗುವ ‘ಕಪ್ಪು ಮೆಹಂದಿ’ಯೂ ನಿರಪಾಯಕಾರಿಯಲ್ಲ. ಅದಕ್ಕೆ ಬೆರೆಸುವ ಕೂದಲ ಬಣ್ಣದ ರಾಸಾಯನಿಕ ಕೆಲವರಲ್ಲಿ ಬೊಬ್ಬೆ ಎಬ್ಬಿಸುತ್ತದೆ.

ಮಳೆಗಾಲ ಬೇಡ

ಹಚ್ಚೆ ಹಾಕಿದ ಜಾಗ ಒಂದು ಹಸಿ ಗಾಯ. ಮೇಲ್ಪದರ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಆ ಅವಧಿಯಲ್ಲಿ ದಿನಕ್ಕೆ ಎರಡು ಬಾರಿ ಸೌಮ್ಯವಾದ ಸಾಬೂನಿನಿಂದ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ, ಕಲಾವಿದರು ಅಥವಾ ವೈದ್ಯರು ಸೂಚಿಸಿದ ಮುಲಾಮನ್ನು ತೆಳ್ಳಗೆ ಸವರಬೇಕು. ಹಕ್ಕಳೆ ಕೀಳಬಾರದು. ಅಡುಗೆಮನೆಯ ಅರಿಶಿನ ಪುಡಿ ಹಚ್ಚಬಾರದು, ಅದು ಸೋಂಕುರಹಿತವಲ್ಲ.

ಮಲೆನಾಡಿನವರು ಇನ್ನೂ ಒಂದು ಮಾತು ನೆನಪಿಡಬೇಕು. ಆಷಾಢ, ಶ್ರಾವಣದ ಮಳೆಯಲ್ಲಿ ಗದ್ದೆ ನಾಟಿಗೆ ಇಳಿಯುವವರು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ದ್ರಾವಣ ಸಿಂಪಡಿಸುವವರು ಆ ತಿಂಗಳುಗಳಲ್ಲಿ ಹಚ್ಚೆ ಹಾಕಿಸಿಕೊಳ್ಳದಿರುವುದು ಒಳಿತು. ತೇವ, ಕೆಸರು, ಮದ್ದು ಮೂರೂ ಹಸಿ ಗಾಯಕ್ಕೆ ಶತ್ರುಗಳೇ. ಗಾಯ ಮಾಯುವ ತನಕ ತುಂಗೆಯಲ್ಲಿಯೋ ಶರಾವತಿ ಹಿನ್ನೀರಿನಲ್ಲಿಯೋ ಈಜುವುದೂ ಸಲ್ಲದು.

ಸೇನೆ ಸೇರುವವರಿಗೆ ಕಿವಿಮಾತು

ಭೂಸೇನೆಯ ನೇಮಕಾತಿ ನಿಯಮದಂತೆ ಶಾಶ್ವತ ಹಚ್ಚೆಗೆ ಅವಕಾಶವಿರುವುದು ಮುಂಗೈಯ ಒಳಭಾಗದಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ, ಹಾಗೂ ಅಂಗೈಯ ಹಿಂಬದಿಯಲ್ಲಿ ಮಾತ್ರ. ಸಂಪ್ರದಾಯದಂತೆ ಹಚ್ಚೆ ಧರಿಸುವ ಬುಡಕಟ್ಟು ಸಮುದಾಯಗಳಿಗೆ ವಿನಾಯಿತಿ ಇದೆ. ಜಾತ್ರೆಯ ಉತ್ಸಾಹದಲ್ಲಿ ಕುತ್ತಿಗೆಗೋ ತೋಳಿಗೋ ಬರೆಸಿಕೊಂಡ ಹೆಸರು ವರ್ಷಗಟ್ಟಲೆ ಓಡಿ ಅಭ್ಯಾಸ ಮಾಡಿದ ಯುವಕನನ್ನು ವೈದ್ಯಕೀಯ ತಪಾಸಣೆಯಲ್ಲಿ ಹೊರಗಿಡಬಲ್ಲದು. ಲೇಸರ್ ಮೂಲಕ ಅಳಿಸಲು ಹಲವು ಸಲ ಚಿಕಿತ್ಸೆ ಪಡೆಯಬೇಕಾಗುತ್ತದೆ. ಖರ್ಚು ಹಚ್ಚೆಯ ಬೆಲೆಯನ್ನು ಮೀರುತ್ತದೆ. ಗುರುತು ಪೂರ್ತಿ ಹೋಗುವ ಭರವಸೆಯೂ ಇಲ್ಲ.

ರಕ್ತದಾನಿಗಳಿಗೂ ನಿಯಮವಿದೆ. ಹಚ್ಚೆ ಹಾಕಿಸಿಕೊಂಡ ದಿನದಿಂದ 12 ತಿಂಗಳು ರಕ್ತ ನೀಡುವಂತಿಲ್ಲ.

ಅನುಮಾನ ಬಂದರೆ

ಮೂರ್ನಾಲ್ಕು ದಿನಗಳ ನಂತರವೂ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಕಾಣಿಸಿಕೊಂಡರೆ ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು. ಬಳಸಿದ ಸೂಜಿಯನ್ನೇ ಚುಚ್ಚಿದರೆಂಬ ಸಂಶಯವಿದ್ದರೆ ಕಾಯುವುದು ತರವಲ್ಲ. ಎಚ್‌ಐವಿ ತಡೆಗಟ್ಟುವ ಔಷಧ ಅಗತ್ಯವೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು, ಮತ್ತು ಅದನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಮಾತ್ರ ಪ್ರಯೋಜನ. ಇದಕ್ಕಾಗಿ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಶಿಶುಗಳಿಗೆ ದೊರಕತೊಡಗಿದ್ದು 2011ರ ಸುಮಾರಿಗೆ. ಅದಕ್ಕೂ ಮುನ್ನ ಹುಟ್ಟಿದ ಅನೇಕರಿಗೆ ಅದು ಬಿದ್ದಿರಲಾರದು. ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದು ಪಡೆದು, ಅನಂತರ ಹಚ್ಚೆಯ ಯೋಚನೆ ಮಾಡುವುದು ಜಾಣತನ.

ಹಚ್ಚೆ ಬೇಡವೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಜೀವಮಾನವಿಡೀ ಜೊತೆಗಿರುವ ಗುರುತಿಗೆ ಅರ್ಧ ಗಂಟೆಯ ವಿಚಾರಣೆ ದುಬಾರಿಯೇನಲ್ಲ.