ಮಲಾಡಿನ ಬಾಲ್ಕನಿಯಲ್ಲಿ ಮರದ ಗರಗಸ

ಮುಂಬೈಯ ಮಲಾಡಿನ ಫ್ಲ್ಯಾಟಲ್ಲಿ ಮಟಮಟ ಮಧ್ಯಾಹ್ನ ಕರೆಂಟ್ ಗರಗಸ ಹಚ್ಚಿ ನೋಡಿ, ಕೆಳಗಿನ ಮನೆಯವರು ಬಾಗಿಲಲ್ಲೇ ಇರ್ತಾರೆ! ಅದಕ್ಕೇ ಈ ಮರದ ಚೌಕಟ್ಟಿನ ಕೈಗರಗಸ.

ಹಳೇ ಬಾಗಿಲಿನ ಸಾಗುವಾನಿ ತುಂಡು ಸಾಕು. ಎರಡು ತೋಳು, ನಡುವೆ ಅಡ್ಡಪಟ್ಟಿ. ಈ ಜಾಯಿಂಟಿಗೆ ಮಾತ್ರ ಫೆವಿಕಾಲ್ ಬೇಡ, ತೋಳು ಚೂರು ಆಡ್ಬೇಕು. ಕೆಳಗೆ ಬ್ಯಾಂಡ್‌ಸಾ ಬ್ಲೇಡಿನ ತುಂಡು. ಗಡಸು ಉಕ್ಕು ಅದು. ತುದಿ ಕೆಂಪಗೆ ಕಾಯಿಸಿ, ನಿಧಾನ ಆರಿಸಿ, ಆಮೇಲೆ ತೂತು ಕೊರೆದು ಬೋಲ್ಟ್ ಹಾಕಿ. ಹಲ್ಲು ನಿಮ್ಮಿಂದಾಚೆ ಮುಖ ಮಾಡಿರಲಿ.

ಮೇಲೆ ಹುರಿ ನಾಲ್ಕು ಸುತ್ತು. ನಡುವೆ ಕಡ್ಡಿ ತೂರಿಸಿ ತಿರುಚಿ. ಹುರಿ ಬಿಗಿದಷ್ಟೂ ತೋಳಿನ ಕೆಳತುದಿ ಹೊರಕ್ಕೆ ಸರಿದು ಬ್ಲೇಡ್ ಸೆಟೆಯುತ್ತೆ. ಬೆರಳಲ್ಲಿ ಮೀಟಿ, ಟಣ್ ಅಂದ್ರೆ ಆಯ್ತು!

ಕೆಲಸ ಮುಗೀತಾ? ಹುರಿ ಸಡಿಲಿಸಿ. ಮುಂಬೈ ಮಳೆಗೆ ಸೆಣಬಿನ ಹುರಿ ತೇವ ಕುಡಿದು ತಾನೇ ಬಿಗಿಯಾಗುತ್ತೆ. ನಾನಂತೂ ನೈಲಾನೇ ಕಟ್ಟೋದು. ಬ್ಲೇಡಿಗೆ ಎಣ್ಣೆ ಸವರಿಡಿ.